ಬುದ್ಧಿ ಹೇಳಿದವರು, ತಲೆ ಕೆಡಿಸಿದವರು

ಹೋದ ಚಳಿಗಾಲದ ಒಂದು ಸಂಜೆ. ನೀಲಗುಂದದಲ್ಲಿ ನನ್ನ ತಂಗಿಯ ಮನೆಯ ಪಡಸಾಲೆ. ಹತ್ತನೇ ತರಗತಿ ಓದುವ ಆಕೆಯ ಮೊಮ್ಮಗಳು ಇಂಗ್ಲಿಷ್ ಪುಸ್ತಕ ಹಿಡಿದು ಬಂದು ಕೇಳಿದಳು:

"ಅಜ್ಜಾ, ಟಾಕ್ ಅಂದ್ರ ಮಾತಾಡು. ಇನ್ಟು ಅಂದ್ರ ಒಳಗ. ಹಂಗಾದ್ರ ಟಾಕ್ ಇನ್ಟು ಅಂದ್ರ ಏನು, ಒಳಗೊಳಗ ಮಾತಾಡೋದಾ?"

ಕೇರಿಯ ಇನ್ನೂ ಐದಾರು ಮಕ್ಕಳು ಕೂತಿದ್ದವು. ಎಲ್ಲಾ ನಕ್ಕವು. ನಾನೂ ನಕ್ಕೆ. 34 ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರಾದವನು ನಾನು. ಇಂಥ ಪ್ರಶ್ನೆಗೆ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ. ಮಾತಾಡಿ ಮಾತಾಡಿ ಒಬ್ಬರನ್ನು ಒಂದು ಕೆಲಸಕ್ಕೆ ಒಪ್ಪಿಸುವುದು ಟಾಕ್ ಇನ್ಟು. ಮಾತಾಡಿ ಮಾತಾಡಿ ಒಂದು ಕೆಲಸ ಬಿಡಿಸುವುದು ಟಾಕ್ ಔಟ್ ಆಫ್. ಮೊದಲನೆಯದು ಮಾತಿನಿಂದ ಒಳಕ್ಕೆ ನೂಕುವುದು. ಎರಡನೆಯದು ಮಾತಿನಿಂದ ಹೊರಕ್ಕೆ ಎಳೆಯುವುದು. ಬರಕೋ ಅಂದೆ.

ಬರಕೊಂಡಳು. ಆಮೇಲೆ "ಒಂದು ಉದಾಹರಣೆ ಹೇಳಜ್ಜಾ" ಅಂದಳು.

ಗೈಡುಗಳಲ್ಲಿರುವ ಉದಾಹರಣೆ ನನಗೆ ಬಾಯಿಪಾಠ. ಗೆಳೆಯ ಗೆಳೆಯನನ್ನು ಸಿನೆಮಾಕ್ಕೆ ಒಪ್ಪಿಸಿದ. ಹೆಂಡತಿ ಗಂಡನಿಗೆ ಸಿಗರೇಟು ಬಿಡಿಸಿದಳು. ವರ್ಷಗಟ್ಟಲೆ ಇವನ್ನೇ ಕರಿಹಲಗೆಯ ಮೇಲೆ ಬರೆದಿದ್ದೇನೆ. ಅವತ್ತು ಮಾತ್ರ ಬಾಯಿ ಬರಲಿಲ್ಲ. ಒಳಗೆ ಒಲೆಯ ಮುಂದೆ ತಂಗಿ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ಕೇಳುತ್ತಿತ್ತು. ಟಾಕ್ ಇನ್ಟು, ಟಾಕ್ ಔಟ್ ಆಫ್ ಎರಡಕ್ಕೂ ಉದಾಹರಣೆ ಅವಳೇ.

ಗೆಳೆಯರೇ, ಆ ಸಂಜೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹುಟ್ಟೂರು ನೀಲಗುಂದವಲ್ಲ. ಅದರ ಸುತ್ತಿನ ಊರುಗಳಲ್ಲಿ ಒಂದು. ಹೆಸರು ಹೇಳುವುದಿಲ್ಲ. ಹೇಳಿದರೆ ಅದೊಂದು ಊರಿನ ಕಥೆ ಅಂತ ನೀವು ಕೈತೊಳೆದುಕೊಳ್ಳುತ್ತೀರಿ. ಈ ಸೀಮೆಗೆ ಬಂದವರು ನೀಲಗುಂದದ ಭೀಮೇಶ್ವರ ಗುಡಿ, ಬಾಗಳಿಯ ಕಲ್ಲೇಶ್ವರ ಗುಡಿ ನೋಡಿ, ಚಾಲುಕ್ಯರ ಕಾಲದ ಕೆತ್ತನೆ ಅಂತ ಫೋಟೋ ಹಿಡಿದು ಹೋಗುತ್ತಾರೆ. ನಮ್ಮ ಹರಪನಹಳ್ಳಿ ತಾಲೂಕು ಮೊದಲು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರಲ್ಲಿ ಬಳ್ಳಾರಿಯ ಜೊತೆ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಬೋರ್ಡು ಇಷ್ಟು ಸಲ ಬದಲಾಯಿತು. ಕೇರಿಯವರನ್ನು ಕರೆದು ಬುದ್ಧಿ ಹೇಳುವವರು ಬದಲಾಗಲಿಲ್ಲ.

ನಮ್ಮಪ್ಪ ಊರಿನ ದೊಡ್ಡ ಮನೆಯೊಂದರಲ್ಲಿ ಜೀತಕ್ಕಿದ್ದ. 1968ರಲ್ಲಿ ನಾನು ನಾಲ್ಕನೇ ಕ್ಲಾಸು. ಒಂದು ದಿನ ಧಣಿ ಅಪ್ಪನನ್ನು ಕರೆದ. ಬೈಯಲಿಲ್ಲ, ಹೊಡೆಯಲಿಲ್ಲ. ಮೇಲಿಂದ ಅಪ್ಪನ ಅಂಗೈಗೆ ಎಲೆ ಅಡಿಕೆ ಉದುರಿಸಿ ಹೇಳಿದ: "ನೋಡಪಾ, ಹುಡುಗ ನಾಕು ಅಕ್ಷರ ಕಲ್ತ. ರುಜು ಹಾಕಾಕ ಬರ್ತತಿ. ಇನ್ನೇನು ಅಮಲ್ದಾರ ಆಗ್ತಾನೇನು? ನಿನಗೂ ವಯಸ್ಸಾತು. ದನದ ಹಿಂದ ಬಿಡು, ಒಂದು ಹೊತ್ತಿನ ಕೂಳರ ಆಗ್ತತಿ. ನಿನ್ನ ಒಳ್ಳೇದಕ್ಕ ಹೇಳ್ತೀನಿ."

ಅಪ್ಪ ಮನೆಗೆ ಬಂದು ಅವ್ವನಿಗೆ ಹೇಳಿದ್ದು ಇಷ್ಟೇ: "ಧಣೇರು ಬುದ್ಧಿ ಹೇಳಿದ್ರು." ಮರುದಿನದಿಂದ ನನಗೆ ಸಾಲಿ ಬಿಡಿಸಿದರು.

ಒಂದು ವರ್ಷ ದನ ಕಾಯ್ದೆ. ಆಮೇಲೆ ಊರಿಗೆ ಹೊಸ ಮೇಷ್ಟ್ರು ಬಂದರು. ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ನೋಡಿ ಕೇರಿಗೆ ಹುಡುಕಿಕೊಂಡು ಬಂದರು. ನಮ್ಮ ಕಟ್ಟೆಯ ಮೇಲೆ ಕೂತರು. ನಮ್ಮ ತಂಬಿಗೆಯ ನೀರು ಕುಡಿದರು. ಮೂರು ಸಂಜೆ ಬಂದರು. ಮೂರನೇ ಸಂಜೆ ಅಪ್ಪ ಹೂಂ ಅಂದ. ನಾನು ಮತ್ತೆ ಸಾಲಿಗೆ ಹೋದೆ. ಊರು ಏನಂದಿತು? "ಮೇಷ್ಟ್ರು ಕೇರಿಯವರ ತಲೆ ಕೆಡಿಸಿದ." "ಆಳುಗಳನ್ನ ಧಣಿ ಮ್ಯಾಲೆ ಎತ್ತಿಕಟ್ಟಿದ."

ಇಬ್ಬರೂ ಮಾಡಿದ್ದು ಒಂದೇ ಕೆಲಸ. ನಮ್ಮಪ್ಪನ ಕಿವಿಗೆ ಮಾತು ಹಾಕಿದ್ದು, ಮನಸ್ಸು ತಿರುಗಿಸಿದ್ದು. ಆದರೆ ಧಣಿಯ ಮಾತಿಗೆ ಒಂದು ಹೆಸರು, ಮೇಷ್ಟ್ರ ಮಾತಿಗೆ ಇನ್ನೊಂದು ಹೆಸರು. ಹೆಸರಿಟ್ಟವರು ಯಾರು? ನಾವಲ್ಲ. ಆದರೂ ನಾವು ಅದೇ ಹೆಸರನ್ನು ನಮ್ಮ ಬಾಯಲ್ಲೇ ಹೇಳಿಕೊಂಡು ಬಂದೆವು. ಅಪ್ಪ ಸಾಯುವವರೆಗೂ ಧಣಿ ಬುದ್ಧಿ ಹೇಳಿದ ಅಂತಲೇ ಅನ್ನುತ್ತಿದ್ದ.

'ಬಿಡಿಸು' ಅನ್ನುವ ಮಾತನ್ನೂ ನೋಡಿ. ಸಾಲಿ ಬಿಡಿಸು ಅನ್ನುತ್ತೇವೆ, ಜೀತ ಬಿಡಿಸು ಅನ್ನುತ್ತೇವೆ. ಮಾತು ಒಂದೇ. ಒಂದು ಬೆಳಕಿನಿಂದ ಹೊರಕ್ಕೆ ಎಳೆಯುತ್ತದೆ, ಇನ್ನೊಂದು ಗುಂಡಿಯಿಂದ ಹೊರಕ್ಕೆ ಎತ್ತುತ್ತದೆ. ಜೀತ ಬಿಡಿಸುವ ಕಾನೂನು ದೇಶಕ್ಕೆ ಬಂದದ್ದು 1976ರಲ್ಲಿ. ಅಪ್ಪ 1972ರ ಬರದಲ್ಲೇ ತೀರಿಹೋಗಿದ್ದ. ಅವನಿಗೆ ಜೀತ ಬಿಡಿಸಿದ್ದು ಸಾವು.

ನಾನು ಹರಪನಹಳ್ಳಿಯಲ್ಲಿ ಹೈಸ್ಕೂಲು ಓದುತ್ತಿದ್ದಾಗ, 1973ರ ನವೆಂಬರಿನಲ್ಲಿ, ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ, ಇಂಗ್ಲಿಷ್ ಕಲಿಯಿರಿ ಎಂಬರ್ಥದ ಮಾತಾಡಿದರು. ರಾಜ್ಯವೆಲ್ಲಾ ಗದ್ದಲವೆದ್ದಿತು. ಅವರ ಮಂತ್ರಿ ಪದವಿ ಹೋಯಿತು. "ನಿಮ್ಮ ಹುಡುಗರ ತಲೆ ಕೆಡಿಸ್ತಾನ" ಎಂಬ ಮಾತು ನಮ್ಮ ಕಿವಿಗೂ ಬಂತು. ಆ ಮಾತಿನ ಗುರುತು ನನಗೆ ಸಿಕ್ಕಿತು. ನಮ್ಮ ಮೇಷ್ಟ್ರಿಗೆ ಅಂದಿದ್ದ ಮಾತೇ ಅದು! ಆ ಹಟಕ್ಕೇ ನಾನು ಇಂಗ್ಲಿಷ್ ಹಿಡಿದೆ.

ಇಂಗ್ಲಿಷ್ ಏನೂ ಅಮಾಯಕ ಭಾಷೆಯಲ್ಲ. ಅದರೊಳಗೂ ಊರು ಇದೆ, ಕೇರಿ ಇದೆ. ಪರ್ಸ್ವೇಡ್, ಡಿಸ್ವೇಡ್ ಎಂಬ ಮಾತುಗಳು ಲ್ಯಾಟಿನಿನಿಂದ ಬಂದವು. ಕೋರ್ಟು, ಕಾಲೇಜು, ಪಾದ್ರಿಗಳ ಮಾತು. ಅವುಗಳ ಬೇರು ಮತ್ತು ಸಂಸ್ಕೃತದ 'ಸ್ವಾದು' ಒಂದೇ ಬಳ್ಳಿಯವು ಅನ್ನುತ್ತಾರೆ ಭಾಷಾ ಪಂಡಿತರು. ಅಂದರೆ ಒಪ್ಪಿಸುವುದು ಎಂದರೆ ಸಿಹಿ ಮಾಡುವುದು. ಟಾಕ್ ಇನ್ಟು, ವಿನ್ ಓವರ್, ವೇರ್ ಡೌನ್ ಇವು ಹಂಗಲ್ಲ. ಸಣ್ಣ ಸಣ್ಣ ಪದ ಜೋಡಿಸಿ ಮನೆಯಲ್ಲಿ, ಸಂತೆಯಲ್ಲಿ ಜನ ಕಟ್ಟಿಕೊಂಡ ಮಾತು. ವಿನ್ ಓವರ್ ಅಂದರೆ ನಮ್ಮ ಕಡೆಗೆ ಗೆದ್ದುಕೊಳ್ಳುವುದು. ವೇರ್ ಡೌನ್ ಅಂದರೆ ಸವೆಸಿ ಸವೆಸಿ ಹೂಂ ಅನ್ನಿಸುವುದು. ಬಟರ್ ಅಪ್ ಅಂದರೆ ನಮ್ಮ ಬೆಣ್ಣೆ ಹಚ್ಚುವುದೇ. ಪುಟ್ ಅಪ್ ಟು ಅಂದರೆ ಎತ್ತಿಕಟ್ಟುವುದು. ಎಗ್ ಆನ್ ಅಂದಾಗ ಮಕ್ಕಳು ಮೊಟ್ಟೆ ಅಂತ ನಗುತ್ತವೆ. ಮೊಟ್ಟೆಯಲ್ಲ ಅದು. ಹಳೆಯ ನಾರ್ಸ್ ಭಾಷೆಯಿಂದ ಬಂದ ಮಾತು, ಕೆರಳಿಸು ಎಂದರ್ಥ. ಕತ್ತಿಯ ಅಂಚು ಎಂಬ ಮಾತಿಗೆ ನೆಂಟ. ಪುಟ್ ಆಫ್ ಎಂಬುದಕ್ಕೆ ಎರಡು ಅರ್ಥ. ಒಂದು, ನಾಳೆ ನಾಳೆ ಅಂತ ಮುಂದೂಡುವುದು. ಇನ್ನೊಂದು, ಮನಸ್ಸು ಹಿಂದೆಗೆಯುವಂತೆ ಮಾಡುವುದು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈ ಮಾತುಗಳಲ್ಲಿ ನನಗೊಂದು ಗುಣ ಕಂಡಿತು. ಟಾಕ್ ಇನ್ಟು ಅಂತ ವಾಕ್ಯ ಕಟ್ಟಬೇಕಾದರೆ ಮೂರು ಪ್ರಶ್ನೆ ಎದುರಿಗೆ ನಿಲ್ಲುತ್ತವೆ. ಮಾತಾಡಿದವರು ಯಾರು? ಯಾರಿಗೆ? ಯಾವುದರೊಳಕ್ಕೆ ನೂಕಿದರು? ಕರ್ಮಣಿ ಪ್ರಯೋಗ ಹಾಕಿ ಮಾತಾಡಿದವರನ್ನು ಮರೆಸಬಹುದು, ನಿಜ. ಆದರೂ ಯಾರೋ ಮಾತಾಡಿದ್ದಾರೆ ಎಂಬುದು ವಾಕ್ಯದಲ್ಲಿ ಉಳಿದುಬಿಡುತ್ತದೆ. ನಮ್ಮ ಕಡೆ ಹಂಗಲ್ಲ. "ಅವ್ವ ಒಪ್ಪಿದಳು" ಅಂದರೆ ಮುಗಿಯಿತು. ಒಪ್ಪಿದವಳೇ ಕರ್ತೃ. ಒಪ್ಪಿಸಿದವರ ಹೆಜ್ಜೆಯೇ ಕಾಣುವುದಿಲ್ಲ.

ಈಗ ತಂಗಿಯ ವಿಷಯ.

1975. ನಾನು ದಾವಣಗೆರೆಯಲ್ಲಿ ಪಿಯುಸಿ ಓದುತ್ತಿದ್ದೆ. ತಂಗಿಗೆ ಹನ್ನೊಂದು ವರ್ಷ. ಎಣ್ಣೆ ಕಾಣದ ಅವಳ ಕೂದಲು ಗಂಟುಕಟ್ಟಿ ಜಡೆ ಬಿದ್ದಿತು. ಆಗ ನಮ್ಮ ಮನೆಗೆ ಜನ ಬರತೊಡಗಿದರು. ಮೊದಲು ಒಬ್ಬ ಜೋಗತಿ ಬಂದಳು: "ಉಚ್ಚಂಗೆಮ್ಮ ಕೇಳ್ಯಾಳ, ಕೊಡಬೇಕವ್ವಾ." ಆಮೇಲೆ ನಮ್ಮ ಕುಲದ ಹಿರಿಯನೊಬ್ಬ ಬಂದ: "ಗಂಡಿಲ್ಲದ ಮನಿ. ಮಗ ಓದಾಕ ಹೋದ, ತಿರುಗಿ ಬರೋದಿಲ್ಲ. ಮುತ್ತು ಕಟ್ಟಿಸಿದ್ರ ಮಗಳು ಮನ್ಯಾಗ ಗಂಡಾಗಿ ಉಳೀತಾಳ." ಕೊನೆಗೆ ಊರೊಳಗಿನ ರೊಕ್ಕದವನೊಬ್ಬ ಹೇಳಿಕಳಿಸಿದ: "ಖರ್ಚಿನ ಚಿಂತಿ ಬ್ಯಾಡ." ಆ ಖರ್ಚು ಯಾಕೆ ಕೊಡುತ್ತಿದ್ದ ಎಂಬುದು ನಿಮಗೂ ಗೊತ್ತು, ನಮ್ಮವ್ವಗೂ ಗೊತ್ತಿತ್ತು. ಒಬ್ಬರೂ ಗದರಿಸಲಿಲ್ಲ. ಎಲ್ಲರ ಮಾತೂ ಬೆಲ್ಲ. ಒಂದು ತಿಂಗಳಲ್ಲಿ ಅವ್ವ ಸವೆದು ಹೋದಳು. ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗಕ್ಕೆ ಕರಕೊಂಡು ಹೋಗುವುದು ಅಂತ ಆಯಿತು.

ಸುದ್ದಿ ಹರಿಹರದಲ್ಲಿ ಕಾರ್ಖಾನೆ ಕೆಲಸಕ್ಕಿದ್ದ ಸೋದರಮಾವನಿಗೆ ಮುಟ್ಟಿತು. ಅವನು ದಾವಣಗೆರೆಗೆ ಬಂದು ನನ್ನನ್ನೂ ಎಬ್ಬಿಸಿಕೊಂಡು ಊರಿಗೆ ಹೋದ. ಮಾವ ರಾತ್ರಿಯೆಲ್ಲಾ ಮಾತಾಡಿದ. ಕಾನೂನು ಹೇಳಿದ, ಅಂಬೇಡ್ಕರರ ಹೆಸರು ಹೇಳಿದ, ಅತ್ತ. ನಾನೂ ಪುಸ್ತಕದ ಮಾತು ಆಡಿದೆ. ಅವ್ವ ಗೋಡೆಗೆ ಒರಗಿ ಕೂತವಳು ಕೂತೇ ಇದ್ದಳು. "ದೇವರ ಸಿಟ್ಟು ನೀವು ತಡಕೊಂತೀರೇನು?" ಅಂದಳು.

ಮೂಲೆಯಲ್ಲಿ ಚಿಗವ್ವ ಮಲಗಿದ್ದಳು. ಅವ್ವನ ಬೆನ್ನಿಗೆ ಬಿದ್ದ ತಂಗಿ. ಆಕೆಗೆ 1951ರ ಸುಮಾರಿಗೆ ಮುತ್ತು ಕಟ್ಟಿದ್ದರು. ಬಾಳೆಲ್ಲಾ ನಮ್ಮ ಮನೆಯಲ್ಲೇ, ಕಡಿಮೆ ಮಾತಿನವಳು. ಬೆಳಗಿನ ಜಾವ ಎದ್ದು ಕೂತು ಅವ್ವನಿಗೆ ಅಂದಳು:

"ಯಕ್ಕಾ, ನನಗ ಕಟ್ಟುವಾಗಲೂ ಅಪ್ಪಗ ಹಿಂಗ ಹೇಳಿದ್ರು. ಇದಾ ಮಾತು. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮಿಲ್ಲ. ನೀನೂ ಅಲ್ಲೇ ಇದ್ದಿ."

ಅಷ್ಟೇ. ಅವ್ವ ಎದ್ದು ಹೋಗಿ ಕತ್ತರಿ ತಂದು ಮಾವನ ಮುಂದೆ ಇಟ್ಟಳು. ತಂಗಿಯ ಜಡೆ ಕತ್ತರಿಸಿದೆವು. ಬಿಸಿನೀರಿನಲ್ಲಿ ತಲೆ ತೊಳೆದು ಚಿಗವ್ವ ಎಣ್ಣೆ ಹಚ್ಚಿದಳು. ಆರು ವರ್ಷದ ಮೇಲೆ ತಂಗಿಯನ್ನು ನೀಲಗುಂದಕ್ಕೆ ಮದುವೆ ಮಾಡಿಕೊಟ್ಟೆವು.

ಊರು ಏನಂದಿತು ಅಂತ ನಾನು ಹೇಳಬೇಕಿಲ್ಲ. ಜೋಗತಿ, ಹಿರಿಯ, ರೊಕ್ಕದವ ಮೂವರೂ ದಾರಿ ತೋರಿಸಿದವರು, ಬುದ್ಧಿ ಹೇಳಿದವರು. "ಹರಿಹರದವನು ಬಂದು ಹೆಂಗಸಿನ ತಲೆ ಕೆಡಿಸಿ ಹೋದ." ಚಿಗವ್ವನ ಹೆಸರು ಯಾರೂ ಎತ್ತಲಿಲ್ಲ. ಅವಳಿಗೂ ಮಾತಾಡಲಿಕ್ಕೆ ಬರುತ್ತದೆ ಅಂತ ಊರಿಗೆ ಅನ್ನಿಸಿರಲೇ ಇಲ್ಲ.

ಕಾನೂನಿನ ವಿಷಯಕ್ಕೆ ಬನ್ನಿ. ದೇವದಾಸಿ ಬಿಡುವುದನ್ನು ಮದ್ರಾಸ್ ಸರ್ಕಾರ 1947ರಲ್ಲೇ ನಿಷೇಧಿಸಿತ್ತು. ನಾವು ಆಗ ಮದ್ರಾಸಿನವರು. ಅಂದರೆ ಚಿಗವ್ವನಿಗೆ ಮುತ್ತು ಕಟ್ಟುವಾಗ ಆ ಕಾನೂನಿಗೆ ನಾಲ್ಕು ವರ್ಷ. ಅದನ್ನು ಕೇರಿಗೆ ಬಂದು ಹೇಳಿದವರು ಒಬ್ಬರೂ ಇಲ್ಲ. ಬುದ್ಧಿ ಹೇಳುವವರಿಗೆ ಬರವಿಲ್ಲದ ಊರಿನಲ್ಲಿ ಕಾನೂನು ಹೇಳುವವರಿಗೆ ಬರ! ಆಮೇಲೆ ಕರ್ನಾಟಕ 1982ರ ಕಾನೂನು ಮಾಡಿತು, 1984ರಲ್ಲಿ ಜಾರಿಗೆ ಬಂತು. ಅದರಲ್ಲಿ ಮುತ್ತು ಕಟ್ಟಿದವರಿಗೆ, ಅದರಲ್ಲಿ ಪಾಲುಗೊಂಡವರಿಗೆ, ಕುಮ್ಮಕ್ಕು ಕೊಟ್ಟವರಿಗೆ ಮೂರು ವರ್ಷದವರೆಗೆ ಶಿಕ್ಷೆ ಇತ್ತು. ತಂದೆ ತಾಯಿ, ನೆಂಟರಾದರೆ ಐದು ವರ್ಷದವರೆಗೆ, ಎರಡು ವರ್ಷಕ್ಕೆ ಕಡಿಮೆ ಇರಲಿಲ್ಲ. ಹೆತ್ತವರೇ ಮಾಡಿದರೆ ತಪ್ಪು ದೊಡ್ಡದು ಎಂಬ ನ್ಯಾಯ ನನಗೂ ಅರ್ಥವಾಗುತ್ತದೆ. ಆದರೆ ಅವ್ವ ಅವತ್ತು ಒಪ್ಪಿದ್ದರೆ, ಮುಂದೆ ಇಂಥ ಕಾನೂನಿನ ಮುಂದೆ ನಿಲ್ಲಬೇಕಾದವಳು ಅವ್ವ. ಒಂದು ತಿಂಗಳು ಬೆಲ್ಲದ ಮಾತಾಡಿದ ಮೂವರು ಸಾಕ್ಷಿ ಕಟ್ಟೆಯ ಹತ್ತಿರವೂ ಬರುತ್ತಿರಲಿಲ್ಲ. ಹೆದರಿಸಿದ್ದಕ್ಕೆ ಗಾಯದ ಗುರುತು ತೋರಿಸಬಹುದು. ಸಿಹಿಮಾತಿನ ಗುರುತು ಎಲ್ಲಿ ತೋರಿಸುವುದು? 2015ರಲ್ಲಿ ದೌರ್ಜನ್ಯ ತಡೆ ಕಾಯ್ದೆಗೆ ತಿದ್ದುಪಡಿ ಬಂದು, ಪರಿಶಿಷ್ಟ ಜಾತಿ, ಪಂಗಡದ ಹೆಣ್ಣನ್ನು ದೇವದಾಸಿ ಬಿಡುವುದೂ ಅದಕ್ಕೆ ಒತ್ತಾಸೆ ಕೊಡುವುದೂ ದೌರ್ಜನ್ಯ ಅಂತ ಸೇರಿತು. ಒಳ್ಳೆಯದಾಯಿತು. ಆದರೆ ಒತ್ತಾಸೆ ಕೊಟ್ಟವನ ಹೆಸರು ನಾವು ಹೇಳಿದರೆ ತಾನೆ ಕಾಯ್ದೆಗೆ ಕಣ್ಣು ಬರುವುದು?

ದೊಡ್ಡ ಚರಿತ್ರೆಯಲ್ಲೂ ಇದೇ ವ್ಯಾಕರಣ. 1932ರ ಸೆಪ್ಟೆಂಬರ್ 20ರಂದು ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕೂತರು. 24ರಂದು ಬಾಬಾಸಾಹೇಬರು ಪೂನಾ ಒಪ್ಪಂದಕ್ಕೆ ಸಹಿ ಹಾಕಿದರು. ಪ್ರತ್ಯೇಕ ಮತಕ್ಷೇತ್ರದ 71 ಸ್ಥಾನ ಹೋಗಿ, ಎಲ್ಲರೂ ಮತ ಹಾಕುವ ಕ್ಷೇತ್ರದಲ್ಲಿ 148 ಮೀಸಲು ಸ್ಥಾನ ಬಂದವು. "ಅಂಬೇಡ್ಕರರು ಒಪ್ಪಿದರು" ಅಂತ ನಾವು ಪಾಠ ಮಾಡುತ್ತೇವೆ. ಆ ನಾಲ್ಕು ದಿನ ಅವರ ಸುತ್ತ ಕೂತು ಮಾತಾಡಿದವರು ಯಾರು, ಉಪವಾಸ ಸಾವಿನಲ್ಲಿ ಮುಗಿದಿದ್ದರೆ ಹಳ್ಳಿಹಳ್ಳಿಯ ಕೇರಿಗಳ ಗತಿ ಏನಾಗುತ್ತಿತ್ತು ಎಂಬ ಭಯ ಆ ಸಹಿಯ ಹಿಂದೆ ಎಷ್ಟಿತ್ತು ಅಂತ ಎಷ್ಟು ಜನ ಹೇಳುತ್ತೇವೆ? ಒಪ್ಪಿದವರೇ ಕರ್ತೃ!

ಇಲ್ಲಿಗೆ ನಿಲ್ಲಿಸಿದರೆ ನಾನು ಒಳ್ಳೆಯವನಾಗಿ ಉಳಿಯುತ್ತೇನೆ. ಆದರೆ ಇನ್ನೊಂದು ಸಂಗತಿ ಹೇಳಬೇಕು.

1998. ನಾನು ಬೇರೊಂದು ತಾಲೂಕಿನ ಹೈಸ್ಕೂಲಿನಲ್ಲಿದ್ದೆ. ನನ್ನ ಕೈಯಲ್ಲಿ ಓದಿದ್ದ ನಮ್ಮ ಜನರ ಹುಡುಗನೊಬ್ಬ ಒಂದು ಸಂಜೆ ಮನೆಗೆ ಬಂದ. ಅವನ ಊರಿನ ಹೋಟ್ಲಿನಲ್ಲಿ ಕೇರಿಯವರಿಗೆ ಬೇರೆ ಗ್ಲಾಸು. ದೂರು ಬರೆದು ತಂದಿದ್ದ. "ತಪ್ಪು ತಿದ್ದಿಕೊಡ್ರಿ ಸಾರ್, ನಾಳೆ ಕೊಡಾಕ ಹೋಗ್ತೀನಿ" ಅಂದ. ಎರಡು ಹಾಳೆ. ಅಕ್ಷರ ಮುತ್ತಿನಂತಿತ್ತು. ತಿದ್ದುವಂಥ ತಪ್ಪು ಒಂದೂ ಇರಲಿಲ್ಲ.

ನಾನು ಏನಂದೆ ಗೊತ್ತೆ? "ನೋಡಪಾ, ನೀನು ಡಿಗ್ರಿ ಕಡೇ ವರ್ಷದಾಗಿದ್ದಿ. ಮೊದಲು ಓದು ಮುಗೀಲಿ. ನಿಮ್ಮಪ್ಪ ಅವ್ವ ಅದೇ ಊರಾಗ ಬಾಳಬೇಕು. ಮುಂದ ನೋಡೋಣ. ನಿನ್ನ ಒಳ್ಳೇದಕ್ಕ ಹೇಳ್ತೀನಿ."

ಹೇಳಿ ಮುಗಿಸಿದ ಮೇಲೆ ಆ ಕೊನೆಯ ಮಾತು ನನ್ನ ಕಿವಿಗೇ ಬಿತ್ತು. ಅದು ನನ್ನ ಮಾತಲ್ಲ. 1968ರಲ್ಲಿ ಎಲೆ ಅಡಿಕೆ ಉದುರಿಸಿದ ಧಣಿಯ ಮಾತು. ಮೂವತ್ತು ವರ್ಷ ನನ್ನೊಳಗೆ ಕೂತು, ಸಂಬಳ, ಸ್ವಂತ ಮನೆ, ವರ್ಗಾವಣೆಯ ಭಯ ಎಲ್ಲಾ ತಿಂದು ಬೆಳೆದು, ನನ್ನ ಬಾಯಿಂದಲೇ ಹೊರಗೆ ಬಂದಿತ್ತು. ಪುಟ್ ಆಫ್ ಎಂಬುದರ ಎರಡೂ ಅರ್ಥ ಅವತ್ತು ನಾನೇ ಮಾಡಿ ತೋರಿಸಿದೆ. ಮುಂದೂಡಿದೆ, ಹುಡುಗನ ಮನಸ್ಸನ್ನೂ ಮುರಿದೆ.

ಅವನು ಜಗಳವಾಡಲಿಲ್ಲ. ಹಾಳೆ ಮಡಿಚಿ ಜೇಬಿಗಿಟ್ಟುಕೊಂಡು "ಹೂಂ ಸಾರ್" ಅಂದು ಹೋದ. ಆ ದೂರು ಕೊಡಲಿಲ್ಲ. ಮುಂದೆ ಬಸ್‌ಸ್ಟ್ಯಾಂಡಿನಲ್ಲಿ ಒಂದೆರಡು ಸಲ ಕಂಡ, ಮುಖ ತಿರುಗಿಸಿದ. "ಹುಡುಗ ಮನಸ್ಸು ಬದಲಾಯಿಸಿದ" ಅಂತ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಆ ವಾಕ್ಯದ ಕರ್ತೃ ಅವನಲ್ಲ, ನಾನು. ಅದನ್ನು ಇವತ್ತು ಬರೆದು ಒಪ್ಪಿಕೊಳ್ಳುತ್ತಿದ್ದೇನೆ.

ಹಳ್ಳಿಯ ಮೇಷ್ಟ್ರುಗಳೇ, ಹೋರಾಟದ ಗೆಳೆಯರೇ, ನಮ್ಮನ್ನು ನಾವು ಹೆಚ್ಚು ನಂಬುವುದು ಬೇಡ. ಧಣಿಯ ಚಾವಡಿ ಇವತ್ತು ಮೊದಲಿನಂತೆ ಇಲ್ಲದಿರಬಹುದು. ಅವನ ಮಾತು ನೌಕರಿ ಸಿಕ್ಕ ನಮ್ಮ ನಾಲಿಗೆಗೆ ದಾಟಿಕೊಂಡಿದೆ. ಹುಡುಗಿಯನ್ನು ಕಾಲೇಜು ಬಿಡಿಸುವಾಗ, ಕೇಸು ರಾಜಿ ಮಾಡಿಸುವಾಗ, ಜಾತಿ ಮೀರಿ ಮದುವೆಯಾಗುವವರನ್ನು ತಡೆಯುವಾಗ "ನಿನ್ನ ಒಳ್ಳೇದಕ್ಕ" ಅಂತ ಯಾರ ದನಿಯಲ್ಲಿ ಮಾತಾಡುತ್ತಿದ್ದೇವೆ ಎಂದು ಒಂದು ಗಳಿಗೆ ಕಿವಿಗೊಟ್ಟು ಕೇಳಿಕೊಳ್ಳಬೇಕು. ಮಕ್ಕಳಿಗೆ ಟಾಕ್ ಇನ್ಟು, ಟಾಕ್ ಔಟ್ ಆಫ್ ಪಾಠ ಮಾಡುವಾಗ ಸಿನೆಮಾ ಸಿಗರೇಟಿನ ಉದಾಹರಣೆ ಸಾಕು. ಆ ಮೂರು ಪ್ರಶ್ನೆ ಕಲಿಸೋಣ. ಮಾತಾಡಿದವರು ಯಾರು? ಯಾರಿಗೆ? ಒಳಕ್ಕೋ, ಹೊರಕ್ಕೋ?

ಆ ಸಂಜೆ ನಾನು ಉದಾಹರಣೆ ಕೊಡದೆ ಸುಮ್ಮನೆ ಕೂತಿದ್ದು ನೋಡಿ ಮೊಮ್ಮಗಳು ತಾನೇ ಒಂದು ವಾಕ್ಯ ಬರೆದು ತೋರಿಸಿದಳು. ಅಕ್ಕನಿಗೆ ಪಿಯುಸಿ ಮುಗಿಯುತ್ತಲೇ ಗಂಡು ನೋಡುತ್ತಿದ್ದರಂತೆ. ಅಪ್ಪನ ಹತ್ತಿರ ಕೂತು ಮಾತಾಡಿ ಅದನ್ನು ಬಿಡಿಸಿದ್ದು ಇವಳಂತೆ. ಟಾಕ್ಡ್ ಪಕ್ಕದಲ್ಲಿ ಔಟ್ ಆಫ್ ಸರಿಯಾಗಿಯೇ ಹಾಕಿದ್ದಳು. ವಾಕ್ಯದ ಮೊದಲಿಗೆ 'ಐ' ಅಂತ ದೊಡ್ಡ ಅಕ್ಷರ. ನಾನು ರೈಟ್ ಹಾಕಿದೆ.

ಒಳಗಿನಿಂದ ತಂಗಿ ಕೂಗಿದಳು: "ಏನು ಬರಸ್ತೀಯೋ ಯಣ್ಣಾ ಅಷ್ಟೊತ್ತಿನಿಂದ? ರೊಟ್ಟಿ ಆರ್ತಾವು, ಬರ್ರಿ."

"ನಿಮ್ಮ ಚಿಗವ್ವ ಅವತ್ತು ಹೇಳಿದ್ದನ್ನ" ಅಂದೆ.

ರೊಟ್ಟಿಯ ಸಪ್ಪಳ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಅವಳೇ ಅಂದಳು: "ಬರಸು. ಪೂರಾ ಬರಸು. ಮೂರು ಮಂದಿ ಹೆಸರೂ ಬರಸು."